ಬುಡಾಪೆಸ್ಟಿನಲ್ಲಿ ಒಲೆ ಹಚ್ಚಿ

ಸೆಪ್ಟೆಂಬರ್ ತಿಂಗಳು, ಬೆಳಗಿನ ಆರು ಗಂಟೆ. ಡ್ಯಾನ್ಯೂಬ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಹಸಿರು ಬಣ್ಣದ ಸ್ವಾತಂತ್ರ್ಯ ಸೇತುವೆಯ ಮೇಲೆ ಹಳದಿ ಟ್ರಾಮೊಂದು ಗಂಟೆ ಬಾರಿಸುತ್ತ ಬುಡಾ ದಡದಿಂದ ಪೆಸ್ಟ್ ದಡಕ್ಕೆ ದಾಟುತ್ತದೆ. ಸೇತುವೆ ಇಳಿದ ಕೂಡಲೇ ಫೋವಾಮ್ ಚೌಕ. ಚೌಕದ ಬದಿಗೆ ಇಟ್ಟಿಗೆಯ ದೊಡ್ಡ ಕಟ್ಟಡ, ಅದರ ಮಾಡಿನ ಮೇಲೆ ಬಣ್ಣಬಣ್ಣದ ಹೆಂಚುಗಳ ಅಂಕುಡೊಂಕು ಚಿತ್ತಾರ. ದೇವಸ್ಥಾನವೋ ಅರಮನೆಯೋ ಎಂದುಕೊಂಡು ಒಳಗೆ ಹೋದರೆ ಮೂಗಿಗೆ ಬಡಿಯುವುದು ಈರುಳ್ಳಿ, ಸಬ್ಬಸಿಗೆ ಸೊಪ್ಪು ಮತ್ತು ಒಣಮೆಣಸಿನ ಪುಡಿಯ ವಾಸನೆ. ಇದು ಬುಡಾಪೆಸ್ಟಿನ ಮಹಾ ಮಾರುಕಟ್ಟೆ. ವಾಸ್ತುಶಿಲ್ಪಿ ಶಮು ಪೆಟ್ಸ್ ಕಟ್ಟಿಸಿದ್ದು, ಬಾಗಿಲು ತೆರೆದದ್ದು 1897ರಲ್ಲಿ. ಮಾಡಿನ ಹೆಂಚು ಬಂದದ್ದು ಪೇಚ್ ಊರಿನ ಹೆಸರಾಂತ ಝೋಲ್ನಾಯ್ ಪಿಂಗಾಣಿ ಕಾರ್ಖಾನೆಯಿಂದ.

ಪ್ರವಾಸಿಗರ ಗುಂಪು ಬರುವುದು ಹೊತ್ತೇರಿದ ಮೇಲೆ. ಅಲ್ಲಿಯವರೆಗೆ ಈ ಕಟ್ಟಡ ಊರಿನವರದು. ಗಾಲಿ ಕಟ್ಟಿದ ಬಟ್ಟೆಚೀಲ ಎಳೆದುಕೊಂಡು ಬರುವ ಅಜ್ಜಿಯರು, ಬಿಳಿ ಕೋಟಿನ ಅಡುಗೆಯವರು, ಕೆಲಸಕ್ಕೆ ಹೋಗುವ ಮುಂಚೆ ಅರ್ಧ ರೊಟ್ಟಿ ಕೊಳ್ಳಲು ನುಗ್ಗುವ ಹುಡುಗರು. ಕಬ್ಬಿಣದ ಕಂಬಗಳ ಮೇಲೆ ಎದ್ದು ನಿಂತ ಚಾವಣಿಯ ಗಾಜಿನಿಂದ ಬೆಳಕು ನಿಧಾನವಾಗಿ ಇಳಿಯುತ್ತದೆ. ಮೊದಲು ಮೇಲಂತಸ್ತಿನ ಕಂಬಿಗಳು ಹೊಳೆಯುತ್ತವೆ, ಆಮೇಲೆ ನೇತುಹಾಕಿದ ಬೆಳ್ಳುಳ್ಳಿ ಜಡೆಗಳು, ಕೊನೆಗೆ ನೆಲಮಟ್ಟದ ತರಕಾರಿ ರಾಶಿ. ಕೆಂಪು, ಹಳದಿ, ಮಾಸಲು ಬಿಳಿ, ಕಡುಹಸಿರು: ರಾಶಿಯಲ್ಲಿ ಅರ್ಧಕ್ಕರ್ಧ ಬರೀ ಮೆಣಸಿನಕಾಯಿ.

"ಅಕ್ಕ, ಇದು ನಮ್ಮ ಬಜ್ಜಿ ಮೆಣಸಿನಕಾಯಿ ಅಲ್ವಾ?"

"ಅಲ್ಲ ಕಣೇ, ತೊಗಲು ನೋಡು ಎಷ್ಟು ದಪ್ಪ ಇದೆ. ಕಚ್ಚಿ ನೋಡಬೇಕು."

ಅಕ್ಕನಿಗೆ ಯಾವ ತರಕಾರಿಯನ್ನೂ ಮುಟ್ಟಿ, ಮೂಸಿ ನೋಡದೆ ಸಮಾಧಾನವಿಲ್ಲ. ಆದರೆ ಇಲ್ಲಿಯ ಪದ್ಧತಿ ಬೇರೆ. ಹೆಚ್ಚಿನ ಅಂಗಡಿಗಳಲ್ಲಿ ತರಕಾರಿ ಆರಿಸಿ ಕೊಡುವವರು ಮಾರುವವರೇ. ಗಿರಾಕಿ ಕೈಹಾಕಿ ಹುಡುಕುವುದನ್ನು ಅವರು ಮೆಚ್ಚುವುದಿಲ್ಲ. ಕಟ್ಟೆಯ ಹಿಂದೆ ನಿಂತಿದ್ದ ಹೆಂಗಸು ಅಕ್ಕನ ಮುಖ ನೋಡಿ ತಾನೇ ಒಂದು ಕಾಯಿ ಮುರಿದು ಚೂರು ಕೊಟ್ಟಳು. ಖಾರವೇ ಇಲ್ಲ. ನೀರು ತುಂಬಿದ, ಸಣ್ಣ ಸಿಹಿಯ, ಕರುಂ ಎನ್ನುವ ಕಾಯಿ. ತಿಳಿಹಳದಿಯ ಈ ತಳಿ ಹಂಗೇರಿಯ ಮನೆಮನೆಯ ತರಕಾರಿ. ಬೆಳಗಿನ ತಿಂಡಿಗೆ ಬ್ರೆಡ್ಡಿನ ಜೊತೆ ಹಸಿಯಾಗಿಯೇ ತಿನ್ನುತ್ತಾರೆ, ಒಳಗೆ ಅನ್ನ-ಮಾಂಸ ತುಂಬಿ ಬೇಯಿಸುತ್ತಾರೆ, ಹೆಚ್ಚಿ ಪಲ್ಯ ಮಾಡುತ್ತಾರೆ. ಪಕ್ಕದಲ್ಲೇ ಉದ್ದನೆಯ ಚೂಪು ಮೂತಿಯ ಇನ್ನೊಂದು ಜಾತಿ ಇತ್ತು. ಅಕ್ಕನ ಕೈ ಅತ್ತ ಹೋಗುತ್ತಲೇ ಆಕೆ ಬಾಯಿಯ ಮುಂದೆ ಅಂಗೈ ಬೀಸಿ ಹುಷಾರು ಎಂದು ಸನ್ನೆ ಮಾಡಿದಳು. ಅದು ಖಾರದ್ದು. ಅದನ್ನೂ ಎರಡು ಹಾಕಿಸಿಕೊಂಡೆವು.

ಇಲ್ಲಿ ತೂಕ ಕೇಳುವುದು ಗ್ರಾಮಿನಲ್ಲಲ್ಲ, 'ದೆಕಾ' ಲೆಕ್ಕದಲ್ಲಿ. ಒಂದು ದೆಕಾ ಎಂದರೆ ಹತ್ತು ಗ್ರಾಮ್. 'ತೀಜ್ ದೆಕಾ' ಎಂದರೆ ನೂರು ಗ್ರಾಮ್ ಗಿಣ್ಣು ಕತ್ತರಿಸಿ ಕೊಡುತ್ತಾರೆ, ಅಷ್ಟೇ ಉಪ್ಪಿನಕಾಯಿ, ಅಷ್ಟೇ ಆಕ್ರೋಟು. ಇಷ್ಟು ಕಡಿಮೆ ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಅಳುಕು ಬೇಡ; ಒಂಟಿ ಅಜ್ಜಿಯರೆಲ್ಲ ಹಾಗೆಯೇ ಕೊಳ್ಳುವುದು. ಎರಡು ಮೂರು ದಿನಕ್ಕೆಂದು ಬಂದು ಇಳಿದವರಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಅರ್ಧ ಕಿಲೋ ಪೊಟ್ಟಣ ಕೊಂಡು, ಹೊರಡುವ ದಿನ ಉಳಿದದ್ದನ್ನು ಕಸಕ್ಕೆ ಹಾಕುವ ಸಂಕಟ ತಪ್ಪುತ್ತದೆ.

ನೆಲಮಾಳಿಗೆಗೆ ಇಳಿದರೆ ಉಪ್ಪಿನಕಾಯಿ ಲೋಕ. ವೆಚೇಶ್ ಎಂಬ ಊರು ಎಲೆಕೋಸಿನ ಉಪ್ಪಿನಕಾಯಿಗೆ ಹೆಸರುವಾಸಿ. ಹುಳಿ ಬಂದ ಕೋಸು ಪೀಪಾಯಿಗಳಲ್ಲಿ, ಸೌತೆ, ಪುಟ್ಟ ಕಲ್ಲಂಗಡಿ, ಕೆಂಪು ಮೆಣಸು ಗಾಜಿನ ಜಾಡಿಗಳಲ್ಲಿ. ಕೆಲವು ಜಾಡಿಗಳೊಳಗೆ ತರಕಾರಿಯನ್ನೇ ಕೊರೆದು ಕಣ್ಣು, ಮೂಗು, ಬಾಯಿ ಮಾಡಿ ನಗುವ ಮುಖಗಳನ್ನು ಜೋಡಿಸಿಟ್ಟಿರುತ್ತಾರೆ. ಮೀನಿನ ತೊಟ್ಟಿಗಳೂ ಅಲ್ಲೇ. ಮೇಲಂತಸ್ತಿನಲ್ಲಿ ಕಸೂತಿ ಬಟ್ಟೆ, ಗೊಂಬೆ, ಲಾಂಗೋಶ್ ಅಂಗಡಿ. ಲಾಂಗೋಶ್ ಎಂದರೆ ಹುದುಗಿಸಿದ ಹಿಟ್ಟನ್ನು ಅಗಲವಾಗಿ ತಟ್ಟಿ ಎಣ್ಣೆಯಲ್ಲಿ ಕರಿದು, ಮೇಲೆ ಬೆಳ್ಳುಳ್ಳಿ ನೀರು ಸವರಿ, ಹುಳಿಕೆನೆ ಬಳಿದು, ತುರಿದ ಗಿಣ್ಣು ಉದುರಿಸಿದ್ದು. ಬಿಸಿಯಿರುವಾಗ ಅದ್ಭುತ. ಆದರೆ ಇಲ್ಲಿ ಮೇಲೆ ಮಾರುವುದು ಪ್ರವಾಸಿಗರ ದರಕ್ಕೆ. ಊರ ಒಳಗಿನ ಸಣ್ಣ ಮಾರುಕಟ್ಟೆಗಳ ಮೂಲೆಯಲ್ಲಿ ಅದೇ ಲಾಂಗೋಶ್ ಅಗ್ಗಕ್ಕೆ, ಹೆಚ್ಚು ಬಿಸಿಯಾಗಿ ಸಿಗುತ್ತದೆ.

ಹೆಚ್ಚು ಹೊತ್ತು ನಿಂತದ್ದು ಮೆಣಸಿನ ಪುಡಿಯ ಅಂಗಡಿಗಳ ಮುಂದೆ. ದಾರಕ್ಕೆ ಪೋಣಿಸಿದ ಒಣಮೆಣಸಿನ ಹಾರಗಳು ಕಟ್ಟೆಯ ಮೇಲಿಂದ ನೆಲಮುಟ್ಟ ಇಳಿಬಿದ್ದಿವೆ. ಸೆಗೆಡ್ ಪುಡಿ, ಕಲೋಚಾ ಪುಡಿ ಎಂದು ಊರಿನ ಹೆಸರು ಬರೆದ ಬಟ್ಟೆಯ ಪುಟ್ಟ ಚೀಲಗಳು. ದಕ್ಷಿಣ ಹಂಗೇರಿಯ ಆ ಎರಡೂ ಊರುಗಳ ಪುಡಿಗೆ ಐರೋಪ್ಯ ಒಕ್ಕೂಟದ ರಕ್ಷಿತ ಹೆಸರಿದೆ, ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಂತೆ. ಹಾವೇರಿ ಜಿಲ್ಲೆಯ ಆ ಸುಕ್ಕು ಮೆಣಸಿನಕಾಯಿಯನ್ನು ಕಂಡವರಿಗೆ ಇಲ್ಲಿಯ ಪುಡಿ ಹೊಸದೆನಿಸುವುದಿಲ್ಲ. ಎರಡರ ಗುಣವೂ ಒಂದೇ: ಬಣ್ಣ ಹೆಚ್ಚು, ಖಾರ ಕಡಿಮೆ. ಹಿಂದೆ ಇಲ್ಲಿಯವರು ಹಣ್ಣುಮೆಣಸಿನ ಒಳಗಿನ ನರ ಮತ್ತು ಬೀಜಗಳನ್ನು ಕೈಯಿಂದಲೇ ಬಿಡಿಸಿ ತೆಗೆದು ಖಾರ ಇಳಿಸುತ್ತಿದ್ದರು, ಏಕೆಂದರೆ ಖಾರ ಕೂತಿರುವುದು ಆ ಬಿಳಿ ನರದಲ್ಲಿ. ಆಮೇಲೆ ಖಾರವಿಲ್ಲದ ತಳಿಗಳನ್ನೇ ಬೆಳೆಸಿಕೊಂಡರು.

ಈ ಕಾಯಿ ಅವರದೂ ಅಲ್ಲ, ನಮ್ಮದೂ ಅಲ್ಲ. ಎರಡೂ ಕಡೆಗೆ ಬಂದದ್ದು ಅಮೆರಿಕದಿಂದ. ನಮ್ಮ ಪಶ್ಚಿಮ ಕರಾವಳಿಗೆ ಪೋರ್ಚುಗೀಸರು ತಂದರು. ಹಂಗೇರಿಗೆ ತಲುಪಿದ್ದು ತುರ್ಕರ ಆಳ್ವಿಕೆಯ ಕಾಲದಲ್ಲಿ. 1541ರಿಂದ 1686ರವರೆಗೆ ಬುಡಾ ಕೋಟೆ ತುರ್ಕರ ಕೈಯಲ್ಲಿತ್ತು, ಹಾಗಾಗಿ ಹಂಗೇರಿಯನ್ನರು ಬಹುಕಾಲ ಇದನ್ನು ತುರ್ಕರ ಮೆಣಸು ಎಂದೇ ಕರೆದರು. ಜರ್ಮನ್ ಸಸ್ಯಶಾಸ್ತ್ರಜ್ಞ ಲಿಯೊನ್‌ಹಾರ್ಟ್ ಫುಕ್ಸ್ 1542ರ ತನ್ನ ಪುಸ್ತಕದಲ್ಲಿ ಇದು ಕಲ್ಲಿಕೋಟೆಯಿಂದ ಬಂದದ್ದೆಂದೇ ತಿಳಿದು ಕಲ್ಲಿಕೋಟೆ ಮೆಣಸು ಎಂದು ಹೆಸರಿಟ್ಟ. ಯುರೋಪಿನ ನಡುಮನೆಯ ಅಂಗಡಿಯಲ್ಲಿ ನಿಂತು ನಮ್ಮ ಕಡಲದಂಡೆಯ ಊರಿನ ಹೆಸರು ಹೀಗೆ ನೆನಪಾದಾಗ ಮೈ ಜುಮ್ಮೆಂದಿತು. ಸೆಗೆಡ್ ವಿಶ್ವವಿದ್ಯಾಲಯದಲ್ಲಿದ್ದ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಇದೇ ಕಾಯಿಯಿಂದ ಸಿ ಜೀವಸತ್ವವನ್ನು ಹೇರಳವಾಗಿ ಬೇರ್ಪಡಿಸಿದ. ಒಂದು ರಾತ್ರಿ ಹೆಂಡತಿ ಊಟಕ್ಕೆ ಹಸಿ ಮೆಣಸಿನಕಾಯಿ ಬಡಿಸಿದಳಂತೆ, ತಿನ್ನಲು ಮನಸ್ಸಾಗದೆ ಪ್ರಯೋಗಾಲಯಕ್ಕೆ ಒಯ್ದೆ ಎಂದು ಅವನೇ ಹೇಳಿಕೊಂಡಿದ್ದಾನೆ. 1937ರಲ್ಲಿ ನೊಬೆಲ್ ಬಹುಮಾನ ಬಂತು.

ಅಂಗಡಿಯಾತ ಪುಡಿಯ ಡಬ್ಬಗಳನ್ನು ತೋರಿಸುತ್ತ 'ಏಡೇಶ್' ಎಂದ: ಸಿಹಿ. ಇನ್ನೊಂದಕ್ಕೆ 'ಚೀಪೋಶ್' ಎಂದ: ಖಾರ. ಅಡುಗೆಗೆ ಬೇಕಾದದ್ದು ಸಿಹಿಯದು. ಚಂದದ ಬಟ್ಟೆಚೀಲದ್ದನ್ನು ಬಿಟ್ಟು ಸಾದಾ ಪೊಟ್ಟಣದ್ದನ್ನು ಕೊಂಡೆವು. ಒಳಗಿನ ಪುಡಿ ಅದೇ, ಬೆಲೆಯಲ್ಲಿ ಮಾತ್ರ ಬಹಳ ಅಂತರ.

ನಾವು ಇಳಿದುಕೊಂಡಿದ್ದ ಮನೆ ಯೋಜೆಫ್‌ವಾರೋಶ್ ಎಂಬ ಎಂಟನೆಯ ಬಡಾವಣೆಯಲ್ಲಿ, ರಾಕೋಟ್ಸಿ ಚೌಕದ ಹಿಂದಿನ ಬೀದಿಯಲ್ಲಿತ್ತು. 2014ರಲ್ಲಿ ಶುರುವಾದ ನಾಲ್ಕನೆಯ ಮೆಟ್ರೊ ಮಾರ್ಗದಲ್ಲಿ ದೊಡ್ಡ ಮಾರುಕಟ್ಟೆಯಿಂದ ಎರಡೇ ನಿಲ್ದಾಣ. ಹೊರಗಿನಿಂದ ನೋಡಿದರೆ ಮಸಿ ಹಿಡಿದ ಗೋಡೆ, ಉದುರಿದ ಗಾರೆ, ಎತ್ತರದ ಮರದ ಬಾಗಿಲು. ಬಾಗಿಲು ದೂಡಿ ಒಳಗೆ ಕಾಲಿಟ್ಟರೆ ನಡುವೆ ತೆರೆದ ಅಂಗಳ, ಅದರ ನಾಲ್ಕೂ ಸುತ್ತ ಅಂತಸ್ತಿನ ಮೇಲೆ ಅಂತಸ್ತು, ಪ್ರತಿ ಅಂತಸ್ತಿಗೂ ಕಬ್ಬಿಣದ ಕಂಬಿ ಹಾಕಿದ ಉದ್ದ ಮೊಗಸಾಲೆ. ಎಲ್ಲರ ಬಾಗಿಲೂ, ಎಲ್ಲರ ಅಡುಗೆಮನೆಯ ಕಿಟಕಿಯೂ ಆ ಮೊಗಸಾಲೆಗೇ ತೆರೆಯುತ್ತವೆ. ಥೇಟ್ ನಮ್ಮ ಹಳೆಯ ಬೆಂಗಳೂರಿನ ವಠಾರ. ಒಬ್ಬರ ಮನೆಯಲ್ಲಿ ಈರುಳ್ಳಿ ಬಾಡಿದರೆ ಇಡೀ ಅಂತಸ್ತಿಗೆ ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, 1873ರಲ್ಲಿ ಬುಡಾ, ಓಬುಡಾ ಮತ್ತು ಪೆಸ್ಟ್ ಒಂದಾಗಿ ಒಂದೇ ನಗರವಾದ ಮೇಲೆ, ಜನ ದಂಡಿಯಾಗಿ ಬಂದು ಸೇರತೊಡಗಿದಾಗ ಎದ್ದ ಬಾಡಿಗೆ ಮನೆಗಳಿವು. ಬೀದಿಯ ಕಡೆಗೆ ಉಳ್ಳವರ ದೊಡ್ಡ ಕೋಣೆಗಳು, ಅಂಗಳದ ಕಡೆಗೆ ಬಡವರ ಒಂದು ಕೋಣೆ, ಒಂದು ಅಡುಗೆಮನೆ.

ನಮ್ಮದು ಅಂಗಳದ ಕಡೆಯದು. ನಿವೃತ್ತಳಾದ ಮನೆಯೊಡತಿ ತಾನು ವಾಸವಿರುವ ಮನೆಯಲ್ಲೇ ಒಂದು ಕೋಣೆಯನ್ನು ನಮಗೆ ಕೊಟ್ಟಿದ್ದಳು, ಅಡುಗೆಮನೆ ಹಂಚಿಕೊಳ್ಳುವ ಕರಾರಿನ ಮೇಲೆ. ಹೀಗೇ ಇರಬೇಕೆಂದು ಹುಡುಕಿ ಹಿಡಿದದ್ದು. ಅದಕ್ಕೊಂದು ಕಾರಣವಿದೆ. ಹತ್ತಿರದ ಆರನೆಯ ಬಡಾವಣೆ ತೆರೇಜ್‌ವಾರೋಶ್‌ನಲ್ಲಿ 2024ರ ಸೆಪ್ಟೆಂಬರಿನಲ್ಲಿ ನಿವಾಸಿಗಳೇ ಮತ ಹಾಕಿ, ಪ್ರವಾಸಿಗರಿಗೆ ದಿನಬಾಡಿಗೆಗೆ ಮನೆ ಕೊಡುವುದನ್ನು 2026ರಿಂದ ನಿಲ್ಲಿಸಬೇಕೆಂದು ತೀರ್ಮಾನಿಸಿದರು. ಇಡೀ ಮನೆಗಳನ್ನು ಕೊಂಡು ದಿನಬಾಡಿಗೆಗೆ ಬಿಡುವ ವ್ಯಾಪಾರ ಹೆಚ್ಚಿದಷ್ಟೂ ಊರಿನ ಮಕ್ಕಳಿಗೆ ಬಾಡಿಗೆ ಮನೆ ಎಟುಕದಂತಾಗುತ್ತದೆ, ರಾತ್ರಿಯಿಡೀ ಮೆಟ್ಟಿಲ ಮೇಲೆ ಪೆಟ್ಟಿಗೆ ಎಳೆಯುವ ಸದ್ದು. ಅಲ್ಲಿಯವರ ಸಿಟ್ಟು ನ್ಯಾಯವಾದದ್ದೇ. ಕಡಿಮೆ ಖರ್ಚಿನ ಪ್ರವಾಸ ಬೇಕೆನ್ನುವವರು ಆ ಉಳಿತಾಯದ ಹೊರೆಯನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು. ಅಡುಗೆಮನೆ ಇರುವ ಹಾಸ್ಟೆಲುಗಳು ಬುಡಾಪೆಸ್ಟಿನಲ್ಲಿ ಬೇಕಾದಷ್ಟಿವೆ. ಮನೆಯವರು ವಾಸವಿರುವ ಮನೆಯ ಒಂದು ಕೋಣೆ ಸಿಕ್ಕರೆ ಇನ್ನೂ ಮೇಲು, ಏಕೆಂದರೆ ಒಲೆಯ ಪಕ್ಕದಲ್ಲಿ ಒಬ್ಬ ಗುರುವೂ ಸಿಗುತ್ತಾಳೆ.

ನಮಗೆ ಸಿಕ್ಕಳು. ಚೀಲದಿಂದ ಹಳದಿ ಮೆಣಸಿನಕಾಯಿ, ಟೊಮೆಟೊ, ಈರುಳ್ಳಿ ತೆಗೆದು ಮೇಜಿನ ಮೇಲಿಟ್ಟದ್ದೇ ತಡ, ಮನೆಯೊಡತಿಯ ಮುಖ ಅರಳಿತು. "ಲೆಚೋ?" ಎಂದಳು. ಇವು ಮೂರರ ಪಲ್ಯಕ್ಕೆ ಇಲ್ಲಿ ಆ ಹೆಸರು. ಹೌದೆಂದು ತಲೆಯಾಡಿಸಿದೆವು. ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನಮಗೆ ಹಂಗೇರಿಯನ್ ಮೂರೇ ಮಾತು. ಆದರೆ ಈರುಳ್ಳಿ ಹೆಚ್ಚುವ ಕೈಗಳಿಗೆ ಭಾಷೆ ಬೇಕಾಗಲಿಲ್ಲ. ಅಕ್ಕ ಸಣ್ಣಗೆ ಹೆಚ್ಚಲು ಹೊರಟಾಗ ಆಕೆ ತಡೆದು ಅರ್ಧಚಂದ್ರದ ಹೋಳು ಮಾಡಿಸಿದಳು. ಹಂಗೇರಿಯಲ್ಲಿ ಬಾಣಲೆಗೆ ಮೊದಲು ಬೀಳುವುದು ಸಾಮಾನ್ಯವಾಗಿ ಹಂದಿ ಕೊಬ್ಬು. ನಮ್ಮ ಮುಖ ನೋಡಿ ಆಕೆ ಸೂರ್ಯಕಾಂತಿ ಎಣ್ಣೆ ಸೀಸೆ ಮುಂದಿಟ್ಟಳು. ಎಣ್ಣೆಯಲ್ಲಿ ಈರುಳ್ಳಿ ಬಾಡಿ ಗಾಜಿನ ಹಾಗೆ ತಿಳಿಯಾಗುವವರೆಗೆ ಆತುರ ಕೂಡದು. ಅಷ್ಟಾದ ಮೇಲೆ ಆಕೆ ಮಾಡಿದ್ದು ಒಂದು ವಿಚಿತ್ರ ಕೆಲಸ. ಬಾಣಲೆಯನ್ನೇ ಎತ್ತಿ ಉರಿಯಿಂದ ಪಕ್ಕಕ್ಕಿಟ್ಟಳು. ಆಮೇಲೆ ಕೆಂಪು ಪುಡಿ ಒಂದು ದೊಡ್ಡ ಚಮಚದಷ್ಟು ಹಾಕಿ ಚಕಚಕನೆ ತಿರುಗಿಸಿದಳು. ಈ ಪುಡಿಯಲ್ಲಿ ಸಕ್ಕರೆಯ ಅಂಶ ಇರುವುದರಿಂದ ಕಾದ ಎಣ್ಣೆಯಲ್ಲಿ, ಉರಿಯ ಮೇಲೆ ಬಿದ್ದರೆ ಕ್ಷಣದಲ್ಲಿ ಕರಕಲಾಗಿ ಕಹಿಯಾಗುತ್ತದೆ. ಬಣ್ಣ ಬಿಡುವುದು ನೀರಿನಲ್ಲಲ್ಲ, ಬೆಚ್ಚಗಿನ ಎಣ್ಣೆಯಲ್ಲಿ. ನೋಡನೋಡುತ್ತಲೇ ಎಣ್ಣೆ ಕುಂಕುಮವಾಯಿತು.

ಆಮೇಲಿನದು ಸುಲಭ. ಹೆಚ್ಚಿದ ಮೆಣಸಿನಕಾಯಿ, ಟೊಮೆಟೊ, ಉಪ್ಪು. ಮತ್ತೆ ಒಲೆಯ ಮೇಲೆ ಇಟ್ಟು ಮುಚ್ಚಳ ಮುಚ್ಚುವುದು. ಒಂದು ಹನಿ ನೀರೂ ಬೇಡ, ತರಕಾರಿಯೇ ನೀರು ಬಿಟ್ಟುಕೊಳ್ಳುತ್ತದೆ. ಮುಚ್ಚಳ ತೆಗೆದಾಗ ಎದ್ದ ಹಬೆ ಕಿಟಕಿಯಿಂದ ಮೊಗಸಾಲೆಗೆ ಹೋಯಿತು. ಎದುರು ಮನೆಯ ಕಿಟಕಿಯಿಂದ ಒಬ್ಬ ಮುದುಕ ಇಣುಕಿ ಮನೆಯೊಡತಿಗೆ ಏನೋ ಕೂಗಿ ಹೇಳಿದ, ಆಕೆ ನಕ್ಕು ಉತ್ತರ ಕೊಟ್ಟಳು. ಸೆಪ್ಟೆಂಬರ್ ಬಂತೆಂದರೆ ಈ ದೇಶದ ಯಾವ ಅಂಗಳಕ್ಕೆ ಹೋದರೂ ಇದೇ ವಾಸನೆ. ತೋಟದ ಮೆಣಸು ಮತ್ತು ಟೊಮೆಟೊ ಒಟ್ಟಿಗೆ ಮಾಗುವ ಕಾಲ. ಚಳಿಗಾಲಕ್ಕೆಂದು ಇದನ್ನೇ ಜಾಡಿಗಳಲ್ಲಿ ತುಂಬಿಡುತ್ತಾರೆ.

ಅಡುಗೆಮನೆಯ ಕಿಟಕಿಯ ಹಲಗೆಯ ಮೇಲೆ ಆಕೆಯ ಗಾಜಿನ ಜಾಡಿಯೊಂದು ಬಿಸಿಲು ಕಾಯುತ್ತಿತ್ತು. ಒಳಗೆ ಸೀಳಿದ ಸೌತೆಕಾಯಿ, ಸಬ್ಬಸಿಗೆ ಸೊಪ್ಪಿನ ಕಡ್ಡಿ, ಬೆಳ್ಳುಳ್ಳಿ, ಉಪ್ಪುನೀರು. ಮೇಲೆ ಒಂದು ತುಂಡು ಬ್ರೆಡ್ಡು. ಬ್ರೆಡ್ಡಿನ ಹುದುಗಿಗೆ, ಬಿಸಿಲಿನ ಕಾವಿಗೆ ಮೂರು ನಾಲ್ಕು ದಿನದಲ್ಲಿ ಸೌತೆ ಹುಳಿಯಾಗುತ್ತದೆ. ವಿನೆಗರ್ ಇಲ್ಲ, ಒಲೆಯೂ ಇಲ್ಲ. ಬೇಸಿಗೆಯ ಕೊನೆಯ ಆ ಜಾಡಿಯಿಂದ ಆಕೆ ನಮಗೆರಡು ಹೋಳು ತೆಗೆದುಕೊಟ್ಟಳು. ಬಿಳಿ ಬ್ರೆಡ್ಡಿನ ದಪ್ಪ ತುಂಡು, ಬಿಸಿ ಲೆಚೋ, ಹುಳಿ ಸೌತೆ: ಆ ಮಧ್ಯಾಹ್ನದ ಊಟಕ್ಕೆ ಸಮನಾದದ್ದನ್ನು ನಾನು ಯುರೋಪಿನ ಯಾವ ಹೋಟೆಲಿನಲ್ಲೂ ಉಂಡಿಲ್ಲ. ಅಕ್ಕನಿಗೆ ಸಾಸಿವೆ ಒಗ್ಗರಣೆ ಹಾಕುವ ಆಸೆ ಇತ್ತು. ಮೊದಲ ಸಲ ಅವರ ಕೈರುಚಿಯಲ್ಲೇ ಇರಲಿ ಎಂದು ತಡೆದುಕೊಂಡಳು. ಉಳಿದದ್ದಕ್ಕೆ ಮರುದಿನ ಸಾಸಿವೆ, ಇಂಗು, ಆ ಎರಡು ಖಾರದ ಮೆಣಸಿನಕಾಯಿ ಸೇರಿಸಿ ಒಗ್ಗರಣೆ ಕೊಟ್ಟಾಗ ಅನ್ನಕ್ಕೆ ಕಲಸಿಕೊಳ್ಳಲು ಹದವಾದ ಗೊಜ್ಜಾಯಿತು. ಮನೆಯೊಡತಿಯೂ ಒಂದು ತಟ್ಟೆ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಚಮಚ ಹಾಕಿಸಿಕೊಂಡಳು.

ಊರಿನಿಂದ ಏನು ಒಯ್ಯಬಹುದು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಅಂದರೆ ತುಪ್ಪ, ಪೇಡ, ಗಿಣ್ಣು ಇವೆಲ್ಲ ಮನೆಯಲ್ಲೇ ಬಿಡಬೇಕು. ಹಸಿ ಸೊಪ್ಪು, ತರಕಾರಿ, ಹೆಚ್ಚಿನ ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಆದ್ದರಿಂದ ಹಸಿ ಕರಿಬೇವೂ ಬೇಡ. ಒಣ ಸಾಮಾನಿಗೆ ಆ ತೊಡಕಿಲ್ಲ. ಸಾಸಿವೆ, ಇಂಗು, ಅರಿಸಿನ, ಹುಳಿಪುಡಿ ಒಂದೊಂದು ಸಣ್ಣ ಪೊಟ್ಟಣ ಸಾಕು. ಬೇಳೆ ಹೊರುವುದು ದಂಡ. ಹಂಗೇರಿಯ ಪ್ರತಿ ಅಂಗಡಿಯಲ್ಲೂ ಒಡೆದ ಹಳದಿ ಬಟಾಣಿ ಸಿಗುತ್ತದೆ, ಅತಿ ಅಗ್ಗದ ಸಾಮಾನುಗಳಲ್ಲಿ ಅದೂ ಒಂದು. ಅದನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ಬೇಯಿಸಿ, ಟೊಮೆಟೊ ಹಿಂಡಿ, ಹುಳಿಪುಡಿ ಹಾಕಿದರೆ ಸಾರು ಸಿದ್ಧ. ಅವರೂ ಅದೇ ಬೇಳೆ ಬೇಯಿಸಿ ಅರೆದು, ಮೇಲೆ ಹುರಿದ ಈರುಳ್ಳಿ ಹಾಕಿ ತಿನ್ನುತ್ತಾರೆ. ತರಕಾರಿಯನ್ನೋ ಬೇಳೆಯನ್ನೋ ಮೆತ್ತಗೆ ಬೇಯಿಸಿ, ಹಿಟ್ಟು ಹುರಿದು ಹಾಕಿ ಇಲ್ಲವೇ ಹುಳಿಕೆನೆ ಕದಡಿ ಗಟ್ಟಿ ಮಾಡುವ ಈ ಬಗೆಗೆ ಫೋಜೆಲೇಕ್ ಎನ್ನುತ್ತಾರೆ. ಪಾಲಕ್, ಬಟಾಣಿ, ಸೋರೆಯ ಜಾತಿಯ ಕಾಯಿ, ಚನ್ನಂಗಿ ಬೇಳೆ, ಯಾವುದರದ್ದೂ ಆದೀತು. ಹೊರಗೆ ತಿನ್ನಲೇಬೇಕಾದ ದಿನ ಸಸ್ಯಾಹಾರಿಗಳಿಗೆ ಅಗ್ಗದ ಊಟ ಇದೇ, ಆದರೆ ಕೊಬ್ಬು ಸೇರಿಸಿದ್ದಾರೆಯೇ ಎಂದು ಕೇಳಿಯೇ ತಿನ್ನಬೇಕು. ಬೇಕರಿಯ ಪೊಗಾಚಾ ಎಂಬ ಉಪ್ಪು ಬಿಸ್ಕತ್ತಿಗೂ ಇದೇ ಮಾತು.

ಶನಿವಾರ ಬೆಳಗ್ಗೆ ಟ್ರಾಮಿನಲ್ಲಿ ಒಕ್ತೋಗೋನ್ ಚೌಕದವರೆಗೆ ಹೋಗಿ, ಅಲ್ಲಿಂದ ಹುನ್ಯಾದಿ ಚೌಕಕ್ಕೆ ನಡೆದೆವು. ದೊಡ್ಡ ಮಾರುಕಟ್ಟೆ ತೆರೆದ 1897ರಲ್ಲೇ ಇಲ್ಲಿಯೂ ಒಂದು ಮಾರುಕಟ್ಟೆ ಕಟ್ಟಡ ಎದ್ದಿತ್ತು. ನೋಡಬೇಕಾದದ್ದು ಹೊರಗೆ, ಮರಗಳ ನೆರಳಿನಲ್ಲಿ ಸಾಲಾಗಿ ಮೇಜು ಹಾಕಿ ತಾವೇ ಬೆಳೆದದ್ದನ್ನು ಮಾರುವ ರೈತರನ್ನು. ಒಬ್ಬಳ ಮೇಜಿನ ಮೇಲೆ ಬರೀ ನೀಲಿ ಪ್ಲಮ್ಮು, ಒಬ್ಬನದರಲ್ಲಿ ಜೇನು, ಇನ್ನೊಬ್ಬಳದರಲ್ಲಿ ನಾಲ್ಕು ಕಟ್ಟು ಸೊಪ್ಪು, ಹತ್ತು ಮೊಟ್ಟೆ, ಒಂದು ಬಟ್ಟಲು ರಾಸ್ಪ್‌ಬೆರಿ. ಇಲ್ಲಿ ಇಂಗ್ಲಿಷಿನ ಫಲಕವಿಲ್ಲ, ಕಸೂತಿ ಗೊಂಬೆಯಿಲ್ಲ. ನನ್ನ ಮಟ್ಟಿಗೆ ದೊಡ್ಡ ಮಾರುಕಟ್ಟೆ ಕಣ್ಣಿಗೆ, ಹುನ್ಯಾದಿ ಚೌಕ ಹೊಟ್ಟೆಗೆ. ಒಂದು ಅಂಗಡಿಯಲ್ಲಿ ಬೂದುನೀಲಿ ಬಣ್ಣದ ಗಸಗಸೆ ಮೂಟೆ ಕಂಡು ಅಕ್ಕ ನಿಂತೇಬಿಟ್ಟಳು. ನಮ್ಮದು ಬಿಳಿ, ಪಾಯಸಕ್ಕೆ. ಇವರು ನೀಲಿ ಗಸಗಸೆಯನ್ನು ಕಣ್ಣೆದುರೇ ಪುಡಿ ಮಾಡಿಸಿಕೊಂಡು, ಸಕ್ಕರೆ ಬೆರೆಸಿ, ಬೇಯಿಸಿದ ಶಾವಿಗೆಯಂಥ ಹಿಟ್ಟಿನ ಎಳೆಗಳ ಮೇಲೆ ಉದುರಿಸಿ ಊಟದಂತೆಯೇ ತಿನ್ನುತ್ತಾರೆ. ನಾವು ಹತ್ತು ದೆಕಾ ಪುಡಿ ಮಾಡಿಸಿಕೊಂಡು ಬಂದು, ಹಾಲಿನಲ್ಲಿ ಕುದಿಸಿ, ಜೇನು ಹಾಕಿ ಕುಡಿದೆವು. ಬಣ್ಣ ಸೀಸದಂತೆ, ರುಚಿ ಅಪ್ಪಟ ಗಸಗಸೆ ಪಾಯಸ.

ಪ್ಲಮ್ಮಿನಿಂದ ಮನೆಯೊಡತಿ ಇನ್ನೊಂದು ಪಾಠ ಹೇಳಿಕೊಟ್ಟಳು. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಹಿಟ್ಟು, ಮೊಟ್ಟೆ ಸೇರಿಸಿ ನಾದಿ, ಬೀಜ ತೆಗೆದ ಹಣ್ಣಿನೊಳಗೆ ದಾಲ್ಚಿನ್ನಿ ಸಕ್ಕರೆ ತುಂಬಿ, ಹಿಟ್ಟಿನಲ್ಲಿ ಮುಚ್ಚಿ ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಡುವುದು. ತೇಲಿ ಬಂದದ್ದನ್ನು ತೆಗೆದು, ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸುವುದು. ಬಾಯಲ್ಲಿ ಒಡೆದಾಗ ಬಿಸಿ ಹುಳಿಸಿಹಿ ರಸ ಗಲ್ಲದ ಮೇಲೆ ಇಳಿಯುತ್ತದೆ. ಮಾಡಲು ಒಂದು ಸಂಜೆ ಪೂರ್ತಿ ಬೇಕು. ಆ ಸಂಜೆ ಸಂಸತ್ ಭವನದ ದೀಪ ನೋಡಲು ಹೋಗಬೇಕೆಂದಿದ್ದೆವು, ಹೋಗಲಿಲ್ಲ. ವ್ಯಥೆಯಾಗಲಿಲ್ಲ.

ಅಡುಗೆಯಲ್ಲೇ ಹೊತ್ತು ಕಳೆದರೆ ಊರು ನೋಡುವುದು ಯಾವಾಗ ಎಂದು ಕೇಳುವವರಿದ್ದಾರೆ. ಬುಡಾಪೆಸ್ಟಿನ ಚೆಲುವಿನಲ್ಲಿ ಬಹುಪಾಲು ಬೀದಿಯಲ್ಲೇ ಇದೆ, ಅದಕ್ಕೆ ಟಿಕೆಟಿಲ್ಲ. ಎರಡನೆಯ ನಂಬರಿನ ಟ್ರಾಮ್ ಹತ್ತಿ ಕಿಟಕಿ ಪಕ್ಕ ಕೂತರೆ ಡ್ಯಾನ್ಯೂಬ್ ದಂಡೆ, 1849ರ ಸರಪಳಿ ಸೇತುವೆ, ಆಚೆ ದಡದ ಕೋಟೆ, ಈಚೆ ದಡದಲ್ಲಿ 96 ಮೀಟರ್ ಎತ್ತರದ ಗುಮ್ಮಟದ ಸಂಸತ್ ಭವನ ಒಂದೊಂದಾಗಿ ಹಾದುಹೋಗುತ್ತವೆ. ಆಂದ್ರಾಶಿ ಬೀದಿಯ ಕೆಳಗೆ ಓಡುವ ಪುಟ್ಟ ಹಳದಿ ಮೆಟ್ರೊ 1896ರದು, ಯುರೋಪಿನ ಮುಖ್ಯ ಭೂಭಾಗದಲ್ಲಿ ಮೊಟ್ಟಮೊದಲನೆಯದು. ಟ್ರಾಮ್, ಬಸ್ಸು, ಮೆಟ್ರೊ ಎಲ್ಲಕ್ಕೂ ನಡೆಯುವ 72 ಗಂಟೆಯ ಪಾಸು ಕೊಂಡರೆ ಮತ್ತೆ ಟಿಕೆಟಿನ ಚಿಂತೆಯಿಲ್ಲ. ಬಿಡಿ ಟಿಕೆಟ್ ಕೊಳ್ಳುವವರು ಹತ್ತುವಾಗ ಯಂತ್ರದಲ್ಲಿ ಮುದ್ರೆ ಒತ್ತಿಸುವುದನ್ನು ಮರೆಯಬಾರದು, ತಪಾಸಣೆಯವರು ಖಂಡಿತ ಬರುತ್ತಾರೆ. ಬ್ರೆಡ್ಡು, ಗಿಣ್ಣು, ಹಸಿ ಮೆಣಸಿನಕಾಯಿ, ಪ್ಲಮ್ಮು ಡಬ್ಬಿಗೆ ಹಾಕಿಕೊಂಡು ಮಾರ್ಗಿಟ್ ದ್ವೀಪಕ್ಕೆ ಹೋದೆವು. ನದಿಯ ನಡುವಿನ ಆ ಉದ್ಯಾನದಲ್ಲಿ ಕಾರುಗಳ ಓಡಾಟವಿಲ್ಲ. ಓಕ್ ಮರದಡಿ ಹುಲ್ಲಿನ ಮೇಲೆ ಡಬ್ಬಿ ಬಿಚ್ಚಿ ಕೂತ ಕುಟುಂಬಗಳು ಹತ್ತಾರಿದ್ದವು. ಬುಡಾ ದಡದಲ್ಲಿ ಅಡ್ಡಾಡುವಾಗ ಅಮೃತಾ ಶೇರ್‌ಗಿಲ್ ನೆನಪಾದಳು. ನಮ್ಮ ದೇಶದ ಆ ಮಹಾ ಚಿತ್ರಕಾರ್ತಿ 1913ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ, ಹಂಗೇರಿಯ ತಾಯಿಯ ಮಗಳಾಗಿ.

ಊಟದಲ್ಲಿ ಉಳಿಸಿದ್ದನ್ನು ಒಂದೆಡೆ ಕೈಬಿಚ್ಚಿ ಖರ್ಚು ಮಾಡಿದೆವು: ಬಿಸಿನೀರಿನ ಸ್ನಾನಕ್ಕೆ. ಈ ಊರಿನ ನೆಲದಡಿಯಿಂದ ನೂರಕ್ಕೂ ಹೆಚ್ಚು ಬಿಸಿ ಊಟೆಗಳು ಚಿಮ್ಮುತ್ತವೆ. ರುದಾಶ್ ಸ್ನಾನಗೃಹ ಹದಿನಾರನೆಯ ಶತಮಾನದ್ದು. ಎಂಟು ಕಂಬಗಳ ಮೇಲೆ ಗುಮ್ಮಟ, ಗುಮ್ಮಟದ ತೂತುಗಳಲ್ಲಿ ಬಣ್ಣದ ಗಾಜು, ಕೆಳಗೆ ಅಷ್ಟಕೋನದ ಕೊಳ. ಹಬೆಯೊಳಗೆ ಬೆಳಕಿನ ಕೋಲುಗಳು ಇಳಿಯುತ್ತಿದ್ದವು. ತುರ್ಕರು ಈ ಊರಿಗೆ ಬಿಟ್ಟುಹೋದವುಗಳಲ್ಲಿ ನನಗೆ ಬೇಕಾದವು ಎರಡು, ಈ ಗುಮ್ಮಟ ಮತ್ತು ಆ ಮೆಣಸಿನಕಾಯಿ. ಟಿಕೆಟ್ ದುಬಾರಿಯೇ. ಆದರೂ ಬಿಡಬೇಡಿ.

ದುಡ್ಡಿನ ಮಾತು ಸ್ವಲ್ಪ. ಹಂಗೇರಿ 2004ರಿಂದ ಐರೋಪ್ಯ ಒಕ್ಕೂಟದಲ್ಲಿದ್ದರೂ ಯೂರೋ ಇಲ್ಲ, ಇರುವುದು ಫೋರಿಂಟ್. ಎಟಿಎಂ ಪರದೆ 'ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ' ಎಂದು ಕೇಳಿದರೆ ಬೇಡವೆಂದು ಫೋರಿಂಟನ್ನೇ ಆರಿಸಿ, ಇಲ್ಲವಾದರೆ ದರದಲ್ಲಿ ಮೋಸ ಹೋಗುತ್ತೀರಿ. ಒಂದು, ಎರಡು ಫೋರಿಂಟಿನ ನಾಣ್ಯಗಳನ್ನು 2008ರಲ್ಲೇ ತೆಗೆದುಹಾಕಿದ್ದಾರೆ, ನಗದಿನ ಬಿಲ್ಲು ಐದಕ್ಕೋ ಸೊನ್ನೆಗೋ ಬಂದು ನಿಲ್ಲುತ್ತದೆ. ಇಲ್ಲಿಯ ಮೌಲ್ಯವರ್ಧಿತ ತೆರಿಗೆ ಶೇ 27, ಐರೋಪ್ಯ ಒಕ್ಕೂಟದಲ್ಲೇ ಅತಿ ಹೆಚ್ಚು. ಹೋಟೆಲಿನಲ್ಲಿ ಅದರ ಜೊತೆಗೆ ಸೇವಾಶುಲ್ಕವೂ ಬಿಲ್ಲಿಗೆ ಸೇರಿರುವುದುಂಟು, ನೋಡಿ ಕೊಡಿ. ಕುಡಿಯಲು ನಲ್ಲಿ ನೀರು ನಿಶ್ಚಿಂತೆಯಿಂದ ಬಳಸಬಹುದು. ನದಿದಂಡೆಯ ಮರಳು ಜಲ್ಲಿಯಲ್ಲಿ ಸೋಸಿ ಬಂದ ನೀರು ಅದು. ವಿಮಾನ ನಿಲ್ದಾಣದಿಂದ ನೇರ ಬಸ್ಸಿಗೆ ಪ್ರತ್ಯೇಕ ಟಿಕೆಟ್ ಬೇಕು. 200ಇ ನಂಬರಿನ ಬಸ್ಸು ಸಾಮಾನ್ಯ ಟಿಕೆಟಿನಲ್ಲೇ ಕೋಬಾನ್ಯಾ-ಕಿಶ್ಪೆಶ್ಟ್ ಮೆಟ್ರೊಗೆ ಬಿಡುತ್ತದೆ. ಕರ್ನಾಟಕದಿಂದ ಹೊರಡುವವರಿಗೆ ಷೆಂಗೆನ್ ವೀಸಾ ಬೇಕು. ಶುಲ್ಕ 2024ರ ಜೂನ್‌ನಿಂದ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಓದುತ್ತಿರುವ, ದುಡಿಯುತ್ತಿರುವ ನಮ್ಮ ಮಕ್ಕಳಿಗೆ ಈ ತೊಂದರೆಯಿಲ್ಲ. ವಿಯೆನ್ನಾದಿಂದ ರೈಲಿನಲ್ಲಿ ಮೂರು ಗಂಟೆಯೊಳಗಿನ ದಾರಿ, ವಾರದ ಕೊನೆಗೆ ಹೋಗಿ ಬರಬಹುದು.

ಹೋಗುವುದಾದರೆ ಸೆಪ್ಟೆಂಬರಿನಲ್ಲಿ ಹೋಗಿ. ಮೆಣಸು, ಟೊಮೆಟೊ, ಪ್ಲಮ್ಮು, ದ್ರಾಕ್ಷಿ ಒಟ್ಟಿಗೆ ಸಿಗುವುದು ಆಗಲೇ. ಇಳಿದ ಮೊದಲ ಸಂಜೆಯೇ ಅಡುಗೆಮನೆಯ ಬಾಣಲೆ, ಚಾಕು, ಉಪ್ಪಿನ ಡಬ್ಬಿ ನೋಡಿಟ್ಟುಕೊಂಡು, ಮರುದಿನ ಬೆಳಗ್ಗೆ ಬಟ್ಟೆಚೀಲ ಹಿಡಿದು ಮಾರುಕಟ್ಟೆಗೆ ನಡೆಯಿರಿ. ಆಗಸ್ಟ್ 20, ಅಕ್ಟೋಬರ್ 23, ನವೆಂಬರ್ 1 ಹಂಗೇರಿಯಲ್ಲಿ ಸಾರ್ವಜನಿಕ ರಜೆ, ಅಂಗಡಿ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಆ ದಿನಗಳಲ್ಲಿ ಅಲ್ಲಿರುವವರು ಬ್ರೆಡ್ಡು, ಹಾಲು, ತರಕಾರಿಯನ್ನು ಹಿಂದಿನ ದಿನವೇ ತಂದಿಟ್ಟುಕೊಳ್ಳಬೇಕು.